ಚಿಕ್ಕಪ್ಪನ ಪಿಸಿಯ ‘ಮೆಮೊರಿ’ ಹೋದದ್ದು, ಬಂದದ್ದು

ಜುಲೈಯ ಒಂದು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಚಿಕ್ಕಪ್ಪನ ಫೋನು. “ಕಂಪ್ಯೂಟರಿನ ಮೆಮೊರಿ ಹೋಯ್ತಂತೆ ಮಾರಾಯ. ನಾಳೆ ಬೆಳಿಗ್ಗೆ ಬಾ.” ಅಷ್ಟು ಹೇಳಿ ಇಟ್ಟರು.

ನನಗೆ ನಿದ್ದೆ ಬರಲಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಚಿಕ್ಕಪ್ಪನದ್ದು ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬಿಲ್ ಬುಕ್, ಊರಿನವರ ಸಂಘದ ವಾರ್ಷಿಕೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಎಲ್ಲ ಅಲ್ಲಿಂದಲೇ. ಹನ್ನೆರಡು ವರ್ಷದ ಕೆಲಸ ಒಂದೇ ಹಾರ್ಡ್ ಡಿಸ್ಕಿನಲ್ಲಿದೆ. ಬ್ಯಾಕಪ್ ಮಾಡಿ ಅಂತ ನಾನು ಹೇಳುವುದು, ಆಯ್ತು ಅಂತ ಅವರು ಹೇಳುವುದು, ಇದು ಪ್ರತಿ ಚೌತಿಗೂ ನಡೆಯುವ ಮಾತು. ಮೆಮೊರಿ ಹೋಯ್ತು ಅಂದರೆ ಡಿಸ್ಕ್ ಹೋಯ್ತು ಅಂತಲೇ ನಾನು ತಿಳಿದುಕೊಂಡೆ.

ಬೆಳಿಗ್ಗೆ ಹೋದಾಗ ಅಂಗಡಿಯ ಮೂಲೆಯಲ್ಲಿ ಬಕೆಟ್ ಇತ್ತು. ಮೇಲಿನ ಸ್ಲ್ಯಾಬಿನಿಂದ ನೀರು ಟಪ್ ಟಪ್. ಬಕೆಟ್ಟಿನಿಂದ ಒಂದು ಗೇಣು ಆಚೆಗೆ ಪಿಸಿ. ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಒಂದು ಉದ್ದನೆಯ ಬೀಪ್. ಸ್ವಲ್ಪ ಬಿಡುವು. ಮತ್ತೆ ಉದ್ದನೆಯ ಬೀಪ್. ಹೀಗೇ ನಡೆಯಿತು.

ಆ ಕೂಗು ಕೇಳಿ ನನಗೆ ಹೋದ ಜೀವ ಬಂತು. ಹಾರ್ಡ್ ಡಿಸ್ಕ್ ಸತ್ತರೆ ಪಿಸಿ ಹೀಗೆ ಕೂಗುವುದಿಲ್ಲ, ಪರದೆಯ ಮೇಲೆ ಬರೆದು ಹೇಳುತ್ತದೆ. ಬರೆಯುವುದಕ್ಕೂ ಆಗದಷ್ಟು ಮೊದಲೇ ಎಡವಿದಾಗ ಮಾತ್ರ ಬೀಪ್. ಪಿಸಿಯನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ ಬಯಾಸ್, ಬೀಪಿನ ಲೆಕ್ಕ ಬಯಾಸಿನಿಂದ ಬಯಾಸಿಗೆ ಬೇರೆ. ಆದರೂ ಉದ್ದ ಬೀಪು ಬಿಟ್ಟು ಬಿಟ್ಟು ಬರುತ್ತಿದ್ದರೆ ರ‍್ಯಾಮ್ ಕಾಣುತ್ತಿಲ್ಲ ಅಂತಲೇ ಮೊದಲು ಅನುಮಾನಿಸಬೇಕು. ಕೆಲಸ ನಡೆಯುವಾಗ ಮಾತ್ರ ಮಾಹಿತಿ ಹಿಡಿದಿಡುವ ಭಾಗ ಅದು. ಹಿಂದಿನ ದಿನ ನೋಡಿಹೋದ ಪಕ್ಕದ ಅಂಗಡಿಯ ಹುಡುಗನೂ ಅದನ್ನೇ ಹೇಳಿದ್ದ. ಅವನ ಬಾಯಲ್ಲಿ ಮೆಮೊರಿ ಅಂದರೆ ರ‍್ಯಾಮ್. ಚಿಕ್ಕಪ್ಪನ ಕಿವಿಯಲ್ಲಿ ಮೆಮೊರಿ ಅಂದರೆ ಫೈಲು. ಪಾಪ, ಅವರೂ ರಾತ್ರಿ ಮಲಗಿರಲಿಲ್ಲ.

“ಹಾಗಾದ್ರೆ ಫೈಲೆಲ್ಲ ಉಂಟಾ?”

“ಉಂಟು ಚಿಕ್ಕಪ್ಪ. ನೀವು ಮೊದಲು ಒಂದು ಚಾ ಹೇಳಿ.”

ಈ ‘ಮೆಮೊರಿ’ ಅನ್ನುವ ಪದದಷ್ಟು ಗೊಂದಲ ಮಾಡಿದ ಪದ ಕಂಪ್ಯೂಟರ್ ಲೋಕದಲ್ಲಿ ಇನ್ನೊಂದಿಲ್ಲ. ಮೊಬೈಲ್ ಅಂಗಡಿಯಲ್ಲಿ ಕೇಳಿದರೆ ಉಗುರಿನಷ್ಟು ಕಾರ್ಡ್ ಕೊಡುತ್ತಾರೆ. ಫೋನಿನ ಡಬ್ಬಿಯ ಮೇಲೆ 8 ಜಿಬಿ ರ‍್ಯಾಮ್, 128 ಜಿಬಿ ರೋಮ್ ಅಂತ ಬರೆದಿರುತ್ತಾರೆ. ಆ 128 ರೋಮೇ ಅಲ್ಲ. ರೋಮ್ ಅಂದರೆ ಓದುವುದಕ್ಕೆ ಮಾತ್ರ ಇರುವುದು. ನಾವು ದಿನವೂ ಫೋಟೊ ತುಂಬಿಸಿ ಅಳಿಸುವ ಜಾಗ ಫ್ಲ್ಯಾಶ್ ಸಂಗ್ರಹ.

ಚಿಕ್ಕಪ್ಪ ಡಿಟಿಪಿಗೆ ಬರುವ ಮೊದಲು ಮೊಳೆ ಜೋಡಿಸುವ ಪ್ರೆಸ್ಸಿನಲ್ಲಿ ಇದ್ದವರು. ಅವರ ಭಾಷೆಯಲ್ಲೇ ಹೇಳಿದೆ. ಅಕ್ಷರದ ಮೊಳೆಯೆಲ್ಲ ಖಾನೆ ಖಾನೆಯಾಗಿ ಇರುತ್ತಿದ್ದ ಕೇಸ್ ಇತ್ತಲ್ಲ, ಅದು ಹಾರ್ಡ್ ಡಿಸ್ಕ್. ಕೈಯಲ್ಲಿ ಹಿಡಿದು ಸಾಲು ಕಟ್ಟುತ್ತಿದ್ದ ಸ್ಟಿಕ್ ಇತ್ತಲ್ಲ, ಅದು ರ‍್ಯಾಮ್. ಈಗ ಸ್ಟಿಕ್ ಕೈಜಾರಿದೆ. ಕೇಸಿಗೆ ಏನೂ ಆಗಿಲ್ಲ. ಅವರು ಒಂದು ಕ್ಷಣ ಯೋಚಿಸಿ, “ಸ್ಟಿಕ್ ಸಣ್ಣದಿದ್ರೆ ಎರಡೆರಡು ಸಾಲಿಗೆ ಗ್ಯಾಲಿಗೆ ಇಳಿಸ್ಬೇಕು, ಕೆಲಸ ಓಡುವುದಿಲ್ಲ” ಅಂದರು. ಗ್ಯಾಲಿ ಅಂದರೆ ಕಟ್ಟಿದ ಸಾಲು ಇಳಿಸಿಡುವ ತಟ್ಟೆ. ನಾನು ಹೇಳದ ಅರ್ಧವನ್ನು ಅವರೇ ಹೇಳಿಬಿಟ್ಟರು. ರ‍್ಯಾಮ್ ಸಾಲದಾದಾಗ ವಿಂಡೋಸ್ ಕೂಡ ಡಿಸ್ಕಿನ ಪೇಜ್ ಫೈಲಿಗೆ ಇಳಿಸುತ್ತಾ, ಮತ್ತೆ ಎತ್ತಿಕೊಳ್ಳುತ್ತಾ ಒದ್ದಾಡುತ್ತದೆ. ಚಿಕ್ಕಪ್ಪನ ಪಿಸಿ ಎರಡು ವರ್ಷದಿಂದ ತೆವಳುತ್ತಿದ್ದುದು ಇದೇ ಕಾರಣಕ್ಕೆ.

ಪ್ಲಗ್ ಕಿತ್ತು, ಪವರ್ ಬಟನ್ ಎರಡು ಸಲ ಒತ್ತಿ ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದೆ. ಒಳಗೆ ಎಚ್61 ಚಿಪ್‌ಸೆಟ್ಟಿನ ಬೋರ್ಡ್, ಐ3-2120 ಪ್ರೊಸೆಸರ್. 2011ರ ಕಾಲದ ಜೋಡಿ. ರ‍್ಯಾಮಿಗೆ ಎರಡು ಸ್ಲಾಟ್. ಒಂದರಲ್ಲಿ 2 ಜಿಬಿಯ ಸ್ಟಿಕ್, ಇನ್ನೊಂದು ಖಾಲಿ. ಕೆಳಗೆ ಬೇರೆ ಕಾರ್ಡು ಸಿಕ್ಕಿಸಲು ಒಂದು ಉದ್ದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್, ಎರಡು ಗಿಡ್ಡ ಸ್ಲಾಟ್. ಎಲ್ಲಕ್ಕಿಂತ ಕೆಳಗೆ ಬಿಳಿ ಬಣ್ಣದ ಹಳೆಯ ಪಿಸಿಐ ಸ್ಲಾಟ್, ಅದರಲ್ಲಿ ಪ್ರಿಂಟರಿನ ಕಾರ್ಡ್. ಆ ಕಾರ್ಡಿನ ಬುಡ ಹಸಿರುಗಟ್ಟಿತ್ತು. ಸ್ಲ್ಯಾಬಿನ ನೀರು ಕ್ಯಾಬಿನೆಟ್ಟಿನ ಹಿಂಬದಿಯಿಂದ ಇಳಿದು ಅಲ್ಲಿ ಕೂತಿದೆ. ಅದನ್ನು ನೋಡಿಯೂ ನೋಡದಂತೆ ಬಿಟ್ಟೆ. ಮೊದಲು ಬೀಪ್ ನಿಲ್ಲಬೇಕಿತ್ತು.

ಸ್ಟಿಕ್ ತೆಗೆದು ನೋಡಿದರೆ ಚಿನ್ನದ ಬೆರಳುಗಳ ಮೇಲೆ ಮಬ್ಬು ಪದರ, ಜೊತೆಗೆ ರಬ್ಬರಿನ ಪುಡಿ. ಪಕ್ಕದ ಅಂಗಡಿಯ ಹುಡುಗ ಪೆನ್ಸಿಲ್ ರಬ್ಬರಿನಿಂದ ಉಜ್ಜಿದ್ದ. ದೇಶದಲ್ಲಿ ಎಲ್ಲರೂ ಮಾಡುವ ವೈದ್ಯ ಇದು, ನಾನೂ ಮಾಡಿದ್ದೇನೆ. ಆದರೆ ಆ ಚಿನ್ನದ ಲೇಪ ಬಹಳ ತೆಳು. ಉಜ್ಜಿದಷ್ಟೂ ಹೋಗುತ್ತದೆ, ಅಡಿಯ ನಿಕಲ್ ಗಾಳಿಗೆ ಬೀಳುತ್ತದೆ, ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕೆಡುತ್ತದೆ. ಪುಡಿ ಬೇರೆ ಸ್ಲಾಟಿನೊಳಗೆ ಬೀಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಅದೇ ಸರಿ. ನೂಲು ಬಿಡದ ಬಟ್ಟೆಗೆ ಸ್ವಲ್ಪ ಹಾಕಿ ಒರೆಸಿದೆ, ಬಟ್ಟೆ ಕಪ್ಪಾಯಿತು. ಸ್ಟಿಕ್ಕನ್ನು ಇನ್ನೊಂದು ಸ್ಲಾಟಿಗೆ ಹಾಕಿ, ಎರಡೂ ಬದಿಯ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿದೆ. ಒಂದೇ ಚಿಕ್ಕ ಬೀಪ್, ಪರದೆ ಬೆಳಗಿತು.

ಚಿಕ್ಕಪ್ಪನ ಮಟ್ಟಿಗೆ ರಿಪೇರಿ ಅಲ್ಲಿಗೇ ಮುಗಿದಿತ್ತು. ನಾನು ಬಿಡಬೇಕಲ್ಲ. ಹೇಗೂ ತೆರೆದಾಗಿದೆ, ರ‍್ಯಾಮ್ 8 ಜಿಬಿ ಮಾಡುವ, ಒಂದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಹಾಕುವ, ಆ ಹಸಿರು ಕಾರ್ಡ್ ಬದಲಿಸುವ ಅಂದೆ. ಈ ‘ಹೇಗೂ ತೆರೆದಾಗಿದೆ’ ಅನ್ನುವ ಮಾತಿನಿಂದ ನನ್ನ ಎಷ್ಟು ಶನಿವಾರ ಹೋಗಿವೆಯೋ.

ಡೊಂಬಿವಲಿಯಿಂದ ಫಾಸ್ಟ್ ಹಿಡಿದು ದಾದರ್. ಅಲ್ಲಿ ಸೇತುವೆ ಹತ್ತಿ ವೆಸ್ಟರ್ನ್ ಲೈನಿನ ಸ್ಲೋ ಹಿಡಿದು ಗ್ರಾಂಟ್ ರೋಡ್. ಪೂರ್ವದ ಬದಿಗೆ ಇಳಿದು ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತ ಇದ್ದರೂ ರಿಪೇರಿಯವರ ಬಾಯಲ್ಲಿ ಹಳೆಯ ಹೆಸರೇ. ಮಳೆಯಲ್ಲಿ ಛತ್ರಿ ಹಿಡಿದು, ಸ್ಟಿಕ್ಕನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುವಾಗ ಮಗುವನ್ನು ಆಸ್ಪತ್ರೆಯಿಂದ ತರುವ ಹಾಗೆ ಅನಿಸುತ್ತದೆ.

ಹಳೆಯ ಸ್ಟಿಕ್ಕಿನ ಚೀಟಿ ನೋಡಿ ಬರೆದುಕೊಂಡು ಹೋಗಿದ್ದೆ: ‘2 ಜಿಬಿ 1ಆರ್×8 ಪಿಸಿ3-10600ಯು’. ಅದರಲ್ಲಿ ನಾನು ಲಕ್ಷ್ಯ ಕೊಟ್ಟದ್ದು ಪಿಸಿ3ಕ್ಕೆ ಮತ್ತು 10600ಕ್ಕೆ ಮಾತ್ರ. ಪಿಸಿ3 ಅಂದರೆ ಡಿಡಿಆರ್3, ಡಿಡಿಆರ್ ಸ್ಟಿಕ್ಕಿನ ಮೂರನೆಯ ತಲೆಮಾರು. ಡಿಡಿಆರ್2ಕ್ಕೂ ಡಿಡಿಆರ್3ಕ್ಕೂ ಪಿನ್ 240ವೇ. ಆದರೆ ಬುಡದ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜು 1.8ರಿಂದ 1.5ಕ್ಕೆ ಇಳಿದಿದೆ. ತಪ್ಪಿ ಹಾಕೋಣವೆಂದರೂ ಕೂರುವುದಿಲ್ಲ. 10600 ಅಂದರೆ ಸೆಕೆಂಡಿಗೆ ಸುಮಾರು 10,600 ಎಂಬಿ ಸಾಗಿಸುವ ಶಕ್ತಿ. ಸೆಕೆಂಡಿಗೆ 1333 ಮಿಲಿಯನ್ ಸಲ, ಪ್ರತಿ ಸಲಕ್ಕೆ 8 ಬೈಟ್. ಅದಕ್ಕೇ ಇದನ್ನು ಡಿಡಿಆರ್3-1333 ಅಂತಲೂ ಕರೆಯುತ್ತಾರೆ. ಒಂದೇ ವಸ್ತುವಿಗೆ ಎರಡು ಹೆಸರು. ಒಂದು ಸಲದ ಲೆಕ್ಕದಲ್ಲಿ, ಇನ್ನೊಂದು ಬೈಟಿನ ಲೆಕ್ಕದಲ್ಲಿ.

ಅಂಗಡಿಯವನು 4 ಜಿಬಿಯ ಎರಡು ಸ್ಟಿಕ್ ತೆಗೆದಿಟ್ಟ. 1600ರದ್ದು, ಹೊಳೆಯುವ ಹೊಸ ಚೀಟಿ, ಪಕ್ಕದ ಅಂಗಡಿಗಿಂತ ನೂರು ರೂಪಾಯಿ ಕಡಿಮೆ. ಏಳು ದಿನದ ಟೆಸ್ಟಿಂಗ್ ವಾರಂಟಿ. “ಸಬ್ ಮೇ ಚಲೇಗಾ” ಅಂದ. ನನ್ನ ಪ್ರೊಸೆಸರ್ 1333ರ ಮೇಲೆ ಹೋಗುವುದಿಲ್ಲ. ಆದರೂ 1600ರ ಸ್ಟಿಕ್ ತಗ್ಗಿ 1333ರಲ್ಲಿ ನಡೆಯುತ್ತದೆ, ತೊಂದರೆಯಿಲ್ಲ. ಸಿಎಲ್ ಸಂಖ್ಯೆ 9ರ ಬದಲು 11 ಇದ್ದುದಕ್ಕೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಸಿಎಲ್ ಅಂದರೆ ಕೇಳಿದ್ದು ಕೈಗೆ ಬರಲು ಎಷ್ಟು ಗಡಿಯಾರದ ಬಡಿತ ಕಾಯಬೇಕು ಅನ್ನುವ ಲೆಕ್ಕ. 1333ರಲ್ಲಿ ಒಂದು ಬಡಿತ 1.5 ನ್ಯಾನೊಸೆಕೆಂಡ್, ಒಂಬತ್ತಕ್ಕೆ 13.5. 1600ರಲ್ಲಿ ಬಡಿತ 1.25, ಹನ್ನೊಂದಕ್ಕೆ 13.75. ಹತ್ತಿರ ಹತ್ತಿರ ಒಂದೇ. ಇಷ್ಟೆಲ್ಲ ಲೆಕ್ಕ ಹಾಕಿದ ಜಾಣ, ಸ್ಟಿಕ್ಕನ್ನು ತಿರುಗಿಸಿ ಚಿಪ್ ನೋಡಲಿಲ್ಲ.

ಸಂಜೆ ಅಂಗಡಿಗೆ ಬಂದು ಎರಡನ್ನೂ ಹಾಕಿ ಸ್ವಿಚ್ ಒತ್ತಿದೆ. ಬೀಪ್. ಒಂದನ್ನು ತೆಗೆದೆ. ಬೀಪ್. ಸ್ಲಾಟ್ ಬದಲಿಸಿದೆ. ಬೀಪ್. ಬಯಾಸಿನ ಸೆಟ್ಟಿಂಗ್ ಕಾಯುವ ಸೀಮಾಸ್ ಬ್ಯಾಟರಿ ಕಿತ್ತು ಐದು ನಿಮಿಷ ಬಿಟ್ಟು ಹಾಕಿದೆ. ಬೀಪ್. ಹಳೆಯ 2 ಜಿಬಿ ಹಾಕಿದರೆ ಏನೂ ಆಗದವರ ಹಾಗೆ ಚಾಲು. ಚಿಕ್ಕಪ್ಪ ಕನ್ನಡಕದ ಮೇಲಿನಿಂದ ನೋಡಿ, “ಹಳೆಯದಕ್ಕೆ ಅಭ್ಯಾಸ ಆಗಿದೆ ಅದಕ್ಕೆ” ಅಂದರು.

ಎರಡು ಸ್ಟಿಕ್ ಒಟ್ಟಿಗೆ ಸತ್ತಿರುವುದು ಕಷ್ಟ. ಮೊಬೈಲಿನ ಟಾರ್ಚ್ ಹಾಕಿ ಚಿಪ್ಪಿನ ಮೇಲಿನ ಸಣ್ಣ ಅಕ್ಷರ ಓದಿದೆ. ‘ಕೆ4ಬಿ2ಜಿ0446’. ಕಳ್ಳ ಸಿಕ್ಕಿದ. ಅದು 0846 ಇರಬೇಕಿತ್ತು.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಹಳೆಯ ಪಿಸಿಗೆ ರ‍್ಯಾಮ್ ಹುಡುಕುವವರು ಬೀಳುವ ಗುಂಡಿ ಇದು. ಪ್ರೊಸೆಸರ್ ಒಂದು ಸಲಕ್ಕೆ ಸ್ಟಿಕ್ಕಿನಿಂದ 64 ಬಿಟ್ ಕೇಳುತ್ತದೆ. ಒಂದು ಚಿಪ್ ಅಷ್ಟನ್ನೂ ಕೊಡುವುದಿಲ್ಲ, ಹಲವು ಚಿಪ್ ಸೇರಿ ಕೊಡುತ್ತವೆ. ಚಿಪ್ ಒಂದೊಂದು ಸಲಕ್ಕೆ 8 ಬಿಟ್ ಕೊಡುವಂಥದ್ದಾದರೆ ಅದು ×8. ಅಂಥ ಎಂಟು ಚಿಪ್ ಸೇರಿದರೆ 64 ಆಯಿತು. ಹೀಗೆ 64 ತುಂಬುವ ಒಂದು ಗುಂಪಿಗೆ ರ‍್ಯಾಂಕ್ ಅನ್ನುತ್ತಾರೆ. ಚೀಟಿಯ ಮೇಲಿನ 1ಆರ್×8 ಅಂದರೆ ಎಂಟೆಂಟು ಬಿಟ್ಟಿನ ಚಿಪ್ಪುಗಳ ಒಂದು ಗುಂಪು. 2ಆರ್×8 ಅಂದರೆ ಎರಡು ಗುಂಪು, ಹದಿನಾರು ಚಿಪ್. ಎರಡು ಗುಂಪು ಒಟ್ಟಿಗೆ ಮಾತಾಡುವುದಿಲ್ಲ, ಸರದಿಯಲ್ಲಿ.

ನನಗೆ ಸಿಕ್ಕ ಸ್ಟಿಕ್ಕಿನಲ್ಲೂ ಹದಿನಾರು ಚಿಪ್. ಆದರೆ ×4. ಹದಿನಾರು ನಾಲ್ಕಲ 64. ಒಂದೇ ಗುಂಪು. ಒಂದೊಂದು ಚಿಪ್ 2 ಗಿಗಾಬಿಟ್, ಹದಿನಾರು ಸೇರಿ 32 ಗಿಗಾಬಿಟ್, ಅಂದರೆ 4 ಜಿಬಿ. ಲೆಕ್ಕ ಸರಿ. ಸರಿಯಾದ 2ಆರ್×8 ಸ್ಟಿಕ್ಕಿನಲ್ಲೂ ಅದೇ ಹದಿನಾರು, ಅದೇ 2 ಗಿಗಾಬಿಟ್, ಅದೇ 4 ಜಿಬಿ. ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ವ್ಯತ್ಯಾಸ ಒಂದೇ ಅಂಕಿಯಲ್ಲಿದೆ. 08 ಇದ್ದಲ್ಲಿ 04.

×4 ಚಿಪ್ ಕೆಟ್ಟದ್ದೇನಲ್ಲ. ಸರ್ವರುಗಳ ರಿಜಿಸ್ಟರ್ಡ್ ಸ್ಟಿಕ್ಕಿನಲ್ಲಿ ಅದರದ್ದೇ ರಾಜ್ಯ. ಮಾಮೂಲಿ ಡೆಸ್ಕ್‌ಟಾಪಿನ ಇಂಟೆಲ್ ಪ್ರೊಸೆಸರಿಗೆ ×8 ಮತ್ತು ×16 ಮಾತ್ರ ಗೊತ್ತು, ×4 ಕಂಡರೆ ಗುರುತೇ ಹಿಡಿಯುವುದಿಲ್ಲ. ಎಎಂಡಿಯ ಕೆಲವು ಬೋರ್ಡುಗಳಲ್ಲಿ ನಡೆಯುತ್ತದೆ. ಹಾಗಾಗಿ ಪೇಟೆಯಲ್ಲಿ ಇದಕ್ಕೆ ‘ಎಎಂಡಿ ವಾಲಾ’ ಅಂತ ಹೆಸರು. ಮಂಗಳವಾರ ಅರ್ಧ ದಿನ ರಜೆ ಹಾಕಿ ವಾಪಸು ಹೋದಾಗ ಅಂಗಡಿಯವನು ಒಂದಿಷ್ಟೂ ಮುಜುಗರವಿಲ್ಲದೆ ಅದನ್ನೇ ಹೇಳಿದ. “ಇಂಟೆಲ್ ಪೇ ಕೈಸೇ ಚಲೇಗಾ ಭಾಯ್, ಏ ತೋ ಎಎಂಡಿ ವಾಲಾ ಹೈ.” ಶನಿವಾರ ಎಲ್ಲದರಲ್ಲೂ ನಡೆಯುತ್ತಿದ್ದದ್ದು ಮಂಗಳವಾರ ಎಎಂಡಿಯದ್ದಾಗಿತ್ತು. ಜಗಳ ಆಡಲಿಲ್ಲ. ವಾರಂಟಿ ಇತ್ತು, ನೂರು ನೂರು ಜಾಸ್ತಿ ಕೊಟ್ಟು ಬದಲಿಸಿಕೊಂಡೆ.

ಬದಲಿಸುವಾಗ ಚೀಟಿಯ ಕೊನೆಯ ಅಕ್ಷರವನ್ನೂ ಬಿಡಲಿಲ್ಲ. ಅದೇ ಯು. ಯು ಇದ್ದರೆ ಅನ್‌ಬಫರ್ಡ್, ನಮ್ಮ ಡೆಸ್ಕ್‌ಟಾಪಿನದ್ದು. ಆರ್ ಇದ್ದರೆ ರಿಜಿಸ್ಟರ್ಡ್, ಸರ್ವರಿನದ್ದು. ಸ್ಲಾಟಿನಲ್ಲಿ ಚೆನ್ನಾಗಿ ಕೂರುತ್ತದೆ, ಪಿಸಿ ಮಾತ್ರ ಏಳುವುದಿಲ್ಲ. ಎಸ್ ಇದ್ದರೆ ಲ್ಯಾಪ್‌ಟಾಪಿನ ಗಿಡ್ಡ ಸ್ಟಿಕ್, 204 ಪಿನ್ನಿನದು. ಇ ಇದ್ದರೆ ಇಸಿಸಿ, ತಪ್ಪು ಹಿಡಿಯಲು 64ರ ಮೇಲೆ 8 ಬಿಟ್ ಜಾಸ್ತಿ, ಹಾಗಾಗಿ ಗುಂಪಿಗೆ ಒಂಬತ್ತು ಚಿಪ್. ಲ್ಯಾಮಿಂಗ್ಟನ್ ರೋಡಿನಲ್ಲಿ ಸರ್ವರಿನಿಂದ ಕಿತ್ತ 8 ಜಿಬಿ ಸ್ಟಿಕ್ ರಾಶಿ ರಾಶಿ ಸೋವಿಯಲ್ಲಿ ಕಂಡರೆ ಬಾಯಲ್ಲಿ ನೀರು ಬರುವುದು ಸಹಜ. ಆ ಆರ್ ಅಕ್ಷರ ನೋಡಿ ನುಂಗಿಕೊಳ್ಳಿ. ಇನ್ನೊಂದು, ಪಿಸಿ3ರ ಪಕ್ಕ ಎಲ್ ಇದ್ದರೆ ಅದು 1.35 ವೋಲ್ಟಿನದು. 1.5ರಲ್ಲೂ ನಡೆಯುತ್ತದೆ, ಹೆದರಬೇಕಿಲ್ಲ.

ಈ ಸಲ ಕೌಂಟರಿನಲ್ಲೇ ಟಾರ್ಚ್ ಹಾಕಿ ಮೂವತ್ತೆರಡು ಚಿಪ್ಪನ್ನೂ ಓದಿದೆ. ಎಲ್ಲ 0846. ಹಿಂದೆ ನಿಂತವರು ಗೊಣಗಿದರು.

ಮುಂದಿನ ಶನಿವಾರ ಎರಡೂ ಹಾಕಿದೆ. ಬಯಾಸಿನಲ್ಲಿ 8192 ಎಂಬಿ. ಆದರೂ ನಂಬಲಿಲ್ಲ. ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದೆ, ಅದರಿಂದಲೇ ಚಾಲು ಮಾಡಿದೆ. ವಿಂಡೋಸ್ ಇಲ್ಲದೆ ಓಡುವ ಸಣ್ಣ ಪ್ರೋಗ್ರಾಂ ಇದು. ಪ್ರತಿ ಜಾಗಕ್ಕೂ ಒಂದು ನಮೂನೆ ಬರೆಯುತ್ತದೆ, ಓದುತ್ತದೆ, ಬರೆದದ್ದೇ ಬಂತಾ ಅಂತ ನೋಡುತ್ತದೆ. ಹತ್ತು ನಿಮಿಷದಲ್ಲಿ ಕೆಂಪು ಸಾಲುಗಳು. ನನ್ನ ಮುಖವೂ ಕೆಂಪಾಯಿತು.

ಇಂಥ ಕಡೆ ಒಂದೊಂದೇ ಬದಲಿಸಬೇಕು. ಮೊದಲ ಸ್ಟಿಕ್ ಒಂದೇ, ಮೊದಲ ಸ್ಲಾಟ್: ಶುದ್ಧ. ಎರಡನೆಯ ಸ್ಟಿಕ್ ಒಂದೇ, ಮೊದಲ ಸ್ಲಾಟ್: ಶುದ್ಧ. ಅದನ್ನೇ ಎರಡನೆಯ ಸ್ಲಾಟಿಗೆ: ಕೆಂಪು. ಮೊದಲ ಸ್ಟಿಕ್ಕನ್ನೂ ಎರಡನೆಯ ಸ್ಲಾಟಿಗೆ: ಕೆಂಪು. ಅಂದರೆ ಸ್ಟಿಕ್ ಸರಿ, ಸ್ಲಾಟ್ ಕೊಳೆ. ಹಳೆಯ 2 ಜಿಬಿ ಮೊದಲು ಇದ್ದದ್ದು, ರಬ್ಬರ್ ಪುಡಿ ಬಿದ್ದದ್ದು ಆ ಸ್ಲಾಟಿನಲ್ಲೇ. ಆಲ್ಕೊಹಾಲ್ ಹಾಕಿದ ಮೃದು ಬ್ರಶ್ಶಿನಿಂದ ಉದ್ದಕ್ಕೂ ಗುಡಿಸಿದೆ. ಒಳಗಿನಿಂದ ಒಂದು ಕಾಗದದ ಎಳೆ ಬಂತು. ಪ್ರೆಸ್ಸಿನ ಕಾಗದದ ಧೂಳು, ಜೆರಾಕ್ಸಿನ ಟೋನರ್ ಪುಡಿ, ಮುಂಬಯಿಯ ಮಳೆಗಾಲದ ತೇವ, ಮೂರೂ ಸೇರಿದರೆ ಒಳ್ಳೇ ಗೋಂದು. ಅರ್ಧ ಗಂಟೆ ಒಣಗಲು ಬಿಟ್ಟು, ಎರಡೂ ಸ್ಟಿಕ್ ಹಾಕಿ ಮತ್ತೆ ಪರೀಕ್ಷೆಗೆ ಕೂರಿಸಿದೆ. ಒಂದು ಸುತ್ತಿಗೆ ಒಂದೂವರೆ ಗಂಟೆಯ ಹತ್ತಿರ. ರಾತ್ರಿಯಿಡೀ ಓಡಲಿ ಅಂತ ಶಟರ್ ಎಳೆದು ಬಂದೆವು.

ಶಟರ್ ಎಳೆಯುವ ಮೊದಲು ಚಿಕ್ಕಪ್ಪ ಬಕೆಟ್ಟಿನ ನೀರು ಚೆಲ್ಲಿ ಬಂದರು. ಎರಡು ಗಂಟೆಗೊಮ್ಮೆ ಚೆಲ್ಲದಿದ್ದರೆ ತುಂಬಿ ಹರಿಯುತ್ತದಂತೆ. ಡಿರ‍್ಯಾಮಿನದ್ದು ಇದಕ್ಕೆ ತಿರುಗಾಮುರುಗಾ. ನಮ್ಮ ಸ್ಟಿಕ್ಕಿನ ಚಿಪ್ಪುಗಳ ಜಾತಿಯ ಹೆಸರು ಅದು. ಅದರಲ್ಲಿ ಒಂದೊಂದು ಬಿಟ್ಟೂ ಒಂದು ಸಣ್ಣ ಕೆಪ್ಯಾಸಿಟರಿನಲ್ಲಿ ನಿಂತ ಚಾರ್ಜು, ಬಾಗಿಲಿಗೆ ಒಂದು ಟ್ರಾನ್ಸಿಸ್ಟರ್. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಈ ಉಪಾಯವೇ ಇವತ್ತಿಗೂ ನಡೆಯುತ್ತಿದೆ. ಆದರೆ ಆ ಕೆಪ್ಯಾಸಿಟರ್ ತೂತು ಕೊಡ. ಸುಮ್ನೆ ಬಿಟ್ಟರೆ ಸೋರಿ ಖಾಲಿ. ಹಾಗಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಿಸಬೇಕು. ಇದೇ ರಿಫ್ರೆಶ್. ಕರೆಂಟ್ ಹೋದರೆ ತುಂಬುವವರಿಲ್ಲ, ರ‍್ಯಾಮಿನಲ್ಲಿದ್ದದ್ದು ಹೋಯಿತು. ಯುಪಿಎಸ್ ಬ್ಯಾಟರಿ ಬದಲಿಸಿ ಅಂತ ನಾನು ಆರು ತಿಂಗಳಿಂದ ಹೇಳುತ್ತಿರುವುದು ಇದಕ್ಕೇ. ಅದೂ ಬ್ಯಾಕಪ್ಪಿನ ಮಾತಿನ ಹಾಗೇ ಆಗಿದೆ.

ಭಾನುವಾರ ಬೆಳಿಗ್ಗೆ ನೋಡಿದರೆ ಏಳು ಸುತ್ತು, ತಪ್ಪು ಸೊನ್ನೆ.

ವಿಂಡೋಸ್ 7 ತೆರೆದು ಚಿಕ್ಕಪ್ಪನಿಗೆ ಹೆಮ್ಮೆಯಿಂದ ತೋರಿಸಹೋದೆ. ‘ಇನ್‌ಸ್ಟಾಲ್ಡ್ ಮೆಮೊರಿ 8.00 ಜಿಬಿ’, ಪಕ್ಕದಲ್ಲಿ ಬ್ರಾಕೆಟ್ಟಿನೊಳಗೆ ‘3.41 ಜಿಬಿ ಯೂಸಬಲ್’. ಅವರು ಮೊದಲು ಓದಿದ್ದೇ ಬ್ರಾಕೆಟ್ಟು. ಮೂವತ್ತು ವರ್ಷ ಪ್ರೂಫ್ ತಿದ್ದಿದ ಕಣ್ಣು ಅದು. “ಎಂಟಕ್ಕೆ ದುಡ್ಡು ಕೊಟ್ಟು ಮೂರೂವರೆ ತಂದೆಯಾ?”

ಮರೆತೇ ಹೋಗಿತ್ತು. ಅವರ ವಿಂಡೋಸ್ 32 ಬಿಟ್ಟಿನದು. ಮೂವತ್ತೆರಡು ಬಿಟ್ಟಿನಲ್ಲಿ ಬರೆಯಬಹುದಾದ ವಿಳಾಸ 4 ಜಿಬಿಗೆ ಮುಗಿಯುತ್ತದೆ. ಆ ನಾಲ್ಕರೊಳಗೇ ಗ್ರಾಫಿಕ್ಸ್, ಕಾರ್ಡುಗಳು, ಚಿಪ್‌ಸೆಟ್ ಎಲ್ಲಕ್ಕೂ ವಿಳಾಸ ಹಂಚಬೇಕು. ಅವು ತಿಂದು ಉಳಿದದ್ದು ರ‍್ಯಾಮಿಗೆ. 64 ಬಿಟ್ ಹಾಕಿದರೆ ಈ ಕಷ್ಟವಿಲ್ಲ. ಆದರೆ ಚಿಕ್ಕಪ್ಪನ ಬಿಲ್ ಬುಕ್ಕಿಗೆ ನಂಬರ್ ಹಾಕುವ ಪ್ರೋಗ್ರಾಂ ವಿಂಡೋಸಿಗೂ ಮೊದಲಿನ ಡಾಸ್ ಕಾಲದ್ದು, 64 ಬಿಟ್ ವಿಂಡೋಸಿನಲ್ಲಿ ಏಳುವುದೇ ಇಲ್ಲ. ಪೇಜ್‌ಮೇಕರ್, ಹಳೆಯ ನುಡಿ ಫಾಂಟುಗಳು ಕೂಡ ಇದ್ದ ಹಾಗೇ ಇರಲಿ ಅನ್ನುವುದು ಅವರ ಹಟ. ಹಟ ಸರಿಯೇ. ನಡೆಯುವುದನ್ನು ಕೆಡಿಸಬಾರದು. ಹಾಗಾಗಿ ಹಳೆಯ ಡಿಸ್ಕ್ ಇದ್ದಲ್ಲೇ ಇರಲಿ, ಹೊಸ ಎಸ್‌ಎಸ್‌ಡಿಯಲ್ಲಿ 64 ಬಿಟ್ಟಿನ ವಿಂಡೋಸ್ 10 ಇರಲಿ, ಬೇಕಾದಾಗ ಬೂಟ್ ಮೆನುವಿನಿಂದ ಆರಿಸಿಕೊಳ್ಳುವುದು ಅಂತ ತೀರ್ಮಾನ. 10ಕ್ಕೂ ಮೈಕ್ರೋಸಾಫ್ಟ್ 2025ರ ಅಕ್ಟೋಬರಿನಲ್ಲಿ ಬೆಂಬಲ ನಿಲ್ಲಿಸಿದೆ, ಗೊತ್ತು. ಈ ಪ್ರೊಸೆಸರಿಗೆ 11 ಅಧಿಕೃತವಾಗಿ ಬರುವುದಿಲ್ಲ.

ಎಸ್‌ಎಸ್‌ಡಿ ತರುವಾಗಲೂ ಒಂದು ಪದದ ಆಟ ಆಯಿತು. ಅಂಗಡಿಯವನು ಎಂ.2 ಕಡ್ಡಿ ತೋರಿಸಿದ. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. 2280 ಅಂದರೆ 22 ಮಿ.ಮೀ ಅಗಲ, 80 ಮಿ.ಮೀ ಉದ್ದ. ಅದರೊಳಗೆ ಮಾಮೂಲಿ ಹಾರ್ಡ್ ಡಿಸ್ಕಿನ ಸಾಟಾ ಸಂಪರ್ಕ ಇರಬಹುದು, ಪಿಸಿಐ ಎಕ್ಸ್‌ಪ್ರೆಸ್ಸಿನ ಮೇಲೆ ಓಡುವ ಎನ್‌ವಿಎಂಇ ಇರಬಹುದು. ಎನ್‌ವಿಎಂಇಯನ್ನು ಅಡಾಪ್ಟರ್ ಕಾರ್ಡಿನಲ್ಲಿ ಕೂರಿಸಿ ನನ್ನ ಉದ್ದ ಸ್ಲಾಟಿಗೆ ಹಾಕಿದರೆ ವಿಂಡೋಸ್ ಎದ್ದ ಮೇಲೆ ಡ್ರೈವ್ ಕಾಣುತ್ತದೆ. ಆದರೆ ಈ ಕಾಲದ ಬಯಾಸಿಗೆ ಅದರಿಂದ ಚಾಲು ಮಾಡಲು ಬರುವುದಿಲ್ಲ. ಸುಮ್ನೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಂಡೆ, 240 ಜಿಬಿ. ಎಚ್61ರ ಸಾಟಾ 3 ಗಿಗಾಬಿಟ್ಟಿನದು, ಹಾಗಾಗಿ ಎಸ್‌ಎಸ್‌ಡಿಯ ಸುಮಾರು ಅರ್ಧ ಓಟವಷ್ಟೇ ಸಿಗುತ್ತದೆ. ಸಿಕ್ಕಿದ್ದೇ ಸಾಕಷ್ಟಾಯಿತು.

ಉಳಿದದ್ದು ಆ ಹಸಿರು ಕಾರ್ಡ್. ಕಾರ್ಬನ್ ಕಾಪಿ ಬಿಲ್ಲಿಗೆ ಚಿಕ್ಕಪ್ಪ ಬಳಸುವುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದಕ್ಕೆ 25 ಪಿನ್ನಿನ ಪ್ಯಾರಲಲ್ ಪೋರ್ಟ್ ಬೇಕು. ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ಕೇಬಲ್ ಸಿಗುತ್ತದೆ. ವಿಂಡೋಸಿನಿಂದ ಪ್ರಿಂಟೂ ಬರುತ್ತದೆ. ಆದರೆ ಅದು ನಿಜವಾದ ಎಲ್‌ಪಿಟಿ (ಪ್ಯಾರಲಲ್ ಪೋರ್ಟಿಗೆ ಡಾಸ್ ಇಟ್ಟ ಹೆಸರು) ಪೋರ್ಟ್ ಆಗುವುದಿಲ್ಲ, ಡಾಸ್ ಪ್ರೋಗ್ರಾಂ ಎಲ್‌ಪಿಟಿ1 ಎಲ್ಲಿ ಅಂತ ಹುಡುಕುತ್ತಾ ಕೂರುತ್ತದೆ. ಕಾರ್ಡೇ ಬೇಕು. ಪಿಸಿಐ ಸ್ಲಾಟಿನ ಮೂರು ಪಿನ್ ನೀರಿಗೆ ಕೊಳೆತು ಕೈಗೇ ಬಂದವು, ಅದು ಮುಗಿದ ಕಥೆ. ಎಚ್61ರಲ್ಲಿ ಮೂಲತಃ ಪಿಸಿಐ ಇಲ್ಲವೇ ಇಲ್ಲ, ಬೋರ್ಡ್ ಮಾಡಿದವರು ಒಂದು ಬ್ರಿಡ್ಜ್ ಚಿಪ್ ಇಟ್ಟು ದಾಕ್ಷಿಣ್ಯಕ್ಕೆ ಕೊಟ್ಟದ್ದು.

ಪಿಸಿಐಗೂ ಪಿಸಿಐ ಎಕ್ಸ್‌ಪ್ರೆಸ್ಸಿಗೂ ಹೆಸರಷ್ಟೇ ನೆಂಟಸ್ತಿಕೆ. ಸ್ಲಾಟು ಬೇರೆ, ಒಂದರ ಕಾರ್ಡ್ ಇನ್ನೊಂದರಲ್ಲಿ ಕೂರುವುದಿಲ್ಲ. 1992ರ ಪಿಸಿಐ ಅಂದರೆ ಎಲ್ಲ ಕಾರ್ಡಿಗೂ ಒಂದೇ ಹಳಿ. 33 ಮೆಗಾಹರ್ಟ್ಸ್, ಸೆಕೆಂಡಿಗೆ 133 ಎಂಬಿ, ಅದನ್ನೇ ಎಲ್ಲರೂ ಹಂಚಿಕೊಳ್ಳಬೇಕು. ನಮ್ಮ ಠಾಣೆ–ದಿವಾ ಮಧ್ಯೆ 2022ರಲ್ಲಿ ಐದು, ಆರನೆಯ ಹಳಿ ಬರುವವರೆಗೆ ದೂರದ ಮೇಲ್ ಗಾಡಿಗೆ ದಾರಿ ಬಿಟ್ಟು ಲೋಕಲ್ ನಿಲ್ಲುತ್ತಿತ್ತಲ್ಲ, ಹಾಗೆ. 2003ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಪ್ರತಿ ಸ್ಲಾಟಿಗೂ ಅದರದ್ದೇ ಹಳಿ, ಅದಕ್ಕೆ ಲೇನ್ ಅನ್ನುತ್ತಾರೆ. ×1 ಅಂದರೆ ಒಂದು ಲೇನ್, ×16 ಅಂದರೆ ಹದಿನಾರು. ಎರಡನೆಯ ತಲೆಮಾರಿನಲ್ಲಿ ಲೇನಿಗೆ ಸೆಕೆಂಡಿಗೆ 500 ಎಂಬಿ. ಟಕಟಕ ಅನ್ನುವ ಡಾಟ್ ಮ್ಯಾಟ್ರಿಕ್ಸಿಗೆ ಇದು ಆನೆಯ ಮೇಲೆ ಉಪ್ಪಿನಕಾಯಿ ಭರಣಿ ಸಾಗಿಸಿದ ಹಾಗೆ. (ರ‍್ಯಾಮಿನ ಚೀಟಿಯ ×8ಕ್ಕೂ ಇಲ್ಲಿಯ ×8ಕ್ಕೂ ಸಂಬಂಧವಿಲ್ಲ. ಅಲ್ಲಿ ಬಿಟ್, ಇಲ್ಲಿ ಲೇನ್. ಹೆಸರಿಟ್ಟವರಿಗೆ ಬೇರೆ ಗುರುತು ಸಿಗಲಿಲ್ಲವೇನೋ.)

ಸಿಎಚ್382 ಚಿಪ್ಪಿನ ×1 ಕಾರ್ಡ್ ತಂದೆ. ಡಬ್ಬಿಯಿಂದ ತೆಗೆದರೆ ಅದಕ್ಕೆ ಸಿಕ್ಕಿಸಿದ್ದು ಸಣ್ಣ ಕ್ಯಾಬಿನೆಟ್ಟಿನ ಗಿಡ್ಡ ಬ್ರಾಕೆಟ್. ನಮ್ಮದು ದೊಡ್ಡ ಕ್ಯಾಬಿನೆಟ್, ಉದ್ದ ಬ್ರಾಕೆಟ್ ಬೇಕು. ಪುಣ್ಯಕ್ಕೆ ಡಬ್ಬಿಯ ತಳದಲ್ಲಿ ಅದೂ ಇತ್ತು. 25 ಪಿನ್ನಿನ ಎರಡು ಬದಿಯ ಷಟ್ಕೋನದ ತಿರುಪು ಬಿಚ್ಚಿ ಬದಲಿಸಿದೆ. ಮೇಲಿನ ಗಿಡ್ಡ ಸ್ಲಾಟಿನಲ್ಲಿ ಕೂರಿಸಿದೆ, ನೀರು ಇಳಿಯುವ ಜಾಗದಿಂದ ಆದಷ್ಟು ದೂರ. ಡ್ರೈವರ್ ಹಾಕಿದ ಮೇಲೆ ವಿಂಡೋಸ್ ಅದಕ್ಕೆ ಎಲ್‌ಪಿಟಿ3 ಅಂತ ಹೆಸರಿಟ್ಟಿತು. ಡಿವೈಸ್ ಮ್ಯಾನೇಜರಿಗೆ ಹೋಗಿ ಎಲ್‌ಪಿಟಿ1 ಮಾಡಿದೆ. ಡಾಸ್ ಪ್ರೋಗ್ರಾಂ ತೆರೆದು ಒಂದು ಬಿಲ್ ಕೊಟ್ಟೆ. ಪ್ರಿಂಟರ್ ಒಂದು ಕ್ಷಣ ಯೋಚಿಸಿ, ಕರ್ರ್ ಅಂತ ಶುರು ಮಾಡಿತು. ಚಿಕ್ಕಪ್ಪ ಹಾಳೆ ಹರಿದು ಬೆಳಕಿಗೆ ಹಿಡಿದು, “ಮೂರನೇ ಕಾಪಿ ಸ್ವಲ್ಪ ಮಸುಕು” ಅಂದರು. ಅದು ರಿಬ್ಬನ್ನಿನದೋ ಕಾರ್ಬನ್ನಿನದೋ ಸಮಸ್ಯೆ, ನನ್ನದಲ್ಲ.

ಪಿಸಿಯನ್ನು ಬಕೆಟ್ಟಿನಿಂದ ಎದುರು ಗೋಡೆಗೆ ಸರಿಸಿದೆವು. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಚಿಕ್ಕಪ್ಪ ಒಂದು ಚೀಟಿ ಪ್ರಿಂಟ್ ಮಾಡಿ ಕ್ಯಾಬಿನೆಟ್ಟಿಗೆ ಅಂಟಿಸಿದ್ದರು. ದಪ್ಪ ಅಕ್ಷರದಲ್ಲಿ, ಸುತ್ತ ಮದುವೆ ಕಾಗದದ ಬಳ್ಳಿ ಬಾರ್ಡರ್ ಹಾಕಿ: ‘ಪಿಸಿ3, ಯು, 2ಆರ್×8. 0446 ಬೇಡ. ಕೆಳಗಿನ ಸ್ಲಾಟ್ ಸತ್ತಿದೆ. ರಬ್ಬರ್ ಹಾಕಬಾರದು.’

ಹಳೆಯ 2 ಜಿಬಿ ಸ್ಟಿಕ್ ಎಸೆಯಲು ಅವರಿಗೆ ಮನಸ್ಸು ಬರಲಿಲ್ಲ. ಪ್ರೆಸ್ ಮುಚ್ಚಿದಾಗ ನೆನಪಿಗೆ ಇಟ್ಟುಕೊಂಡ ಒಂದು ಮೊಳೆ ಕೇಸ್ ಅಂಗಡಿಯ ಅಟ್ಟದಲ್ಲಿದೆ. ಸ್ಟಿಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರ ಒಂದು ಖಾನೆಯಲ್ಲಿ ನಿಲ್ಲಿಸಿದರು. ಹದಿಮೂರು ಸೆಂಟಿಮೀಟರ್ ಉದ್ದ, ಅರ್ಧಕ್ಕಿಂತ ಜಾಸ್ತಿ ಹೊರಗೇ ಇಣುಕುತ್ತಿತ್ತು. ಯಾವ ಅಕ್ಷರದ ಖಾನೆ ಅಂತ ಕೇಳಿದೆ. ದೀರ್ಘ ೠ ಅಂತೆ. ಅದು ಯಾವತ್ತೂ ಖಾಲಿಯೇ ಇತ್ತಂತೆ.